ಲಾರಿ ಎಡಕ್ಕೆ ತಿರುಗುವಾಗ ಸೈಕಲ್ ಎಲ್ಲಿರಬೇಕು?

ತುಮಕೂರಿನಲ್ಲಿ ಲಾರಿ ಅಂದ ಕೂಡಲೇ ಜನರಿಗೆ ನೆನಪಾಗುವುದು ಹೈವೇ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಗಲೂ ರಾತ್ರಿ ಓಡುವ ಗಾಡಿಗಳು. ಮಕ್ಕಳಿಗೆ ಸೈಕಲ್ ಕೊಡಿಸಿದ ದಿನ ಅಪ್ಪ ಅಮ್ಮ ಹೇಳುವ ಮೊದಲ ಮಾತೂ ಅದೇ: "ಹೈವೇ ಕಡೆ ಹೋಗ್ಬೇಡ." ಆ ಮಾತು ಸರಿಯೇ. ಆದರೆ ಊರೊಳಗೆ ಲಾರಿಯಿಂದ ಸೈಕಲ್ ಸವಾರರಿಗೆ ಬರುವ ಅತಿ ಕೆಟ್ಟ ಅಪಾಯಕ್ಕೆ ವೇಗವೇ ಬೇಕಾಗಿಲ್ಲ. ಗುಬ್ಬಿ ಗೇಟ್, ಶಿರಾ ಗೇಟ್, ಬಟವಾಡಿಯಂಥ ಕಡೆ ಲಾರಿ ಒಂದು ಎಡ ತಿರುವಿನಲ್ಲಿ ನಾವು ನಡೆಯುವಷ್ಟು ನಿಧಾನವಾಗಿ ತಿರುಗುತ್ತಿರುತ್ತದೆ. ಅದರ ಪಕ್ಕದಲ್ಲಿ ಒಂದು ಸೈಕಲ್. ಡ್ರೈವರ್ ಕುಡಿದಿರುವುದಿಲ್ಲ, ಅವಸರದಲ್ಲೂ ಇರುವುದಿಲ್ಲ. ಸೈಕಲ್‌ನವರು ರಸ್ತೆಯ ಎಡಬದಿಯಲ್ಲಿ, ಹೇಳಿಕೊಟ್ಟ ಹಾಗೇ ಹೋಗುತ್ತಿರುತ್ತಾರೆ. ಆದರೂ ಸೈಕಲ್ ಲಾರಿಯ ಹಿಂದಿನ ಚಕ್ರದ ಕೆಳಗೆ ಸೇರಿಬಿಡುತ್ತದೆ.

ಇದು ಹೇಗಾಗುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಾದರೆ ಸೈಕಲ್ ಓಡಿಸುವ ರೀತಿ ಬದಲಾಗುತ್ತದೆ. ಪಾಲಿಕೆಯವರನ್ನು, ಆರ್‌ಟಿಒದವರನ್ನು, ಪೊಲೀಸರನ್ನು ನಾವು ಕೇಳುವ ಪ್ರಶ್ನೆಗಳೂ ಬದಲಾಗುತ್ತವೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಹಿಂದಿನ ಚಕ್ರ ಹಿಡಿಯುವ ದಾರಿ

ಉದ್ದದ ತೆಂಗಿನ ಗರಿಯೊಂದನ್ನು ನೆಲದ ಮೇಲೆ ಎಳೆದುಕೊಂಡು ಮನೆಯ ಮೂಲೆ ತಿರುಗಿ ನೋಡಿ. ನೀವು ಮೂಲೆಯಿಂದ ದೂರದಲ್ಲೇ ತಿರುಗಿರುತ್ತೀರಿ. ಗರಿಯ ತುದಿ ಮಾತ್ರ ಮೂಲೆಗೆ ಉಜ್ಜಿಕೊಂಡು ಬರುತ್ತದೆ. ಲಾರಿಯ ಹಿಂದಿನ ಚಕ್ರ ಮಾಡುವುದೂ ಅದನ್ನೇ. ಮುಂದಿನ ಚಕ್ರ ಹೋದ ಜಾಡಿನಲ್ಲಿ ಅದು ಹೋಗುವುದಿಲ್ಲ. ತಿರುವಿನ ಒಳಮಗ್ಗುಲಿಗೆ ಸರಿಯುತ್ತಾ, ಹತ್ತಿರದ ದಾರಿ ಹಿಡಿಯುತ್ತದೆ.

ಎಷ್ಟು ಸರಿಯುತ್ತದೆ? ಹೈಸ್ಕೂಲ್ ಗಣಿತ ಸಾಕು. ಉದ್ದ ಬಾಡಿಯ ಒಂದು ಲಾರಿಯ ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ 6 ಮೀಟರ್ ಇದೆ ಅಂತಿಟ್ಟುಕೊಳ್ಳಿ. ಮುಂದಿನ ಚಕ್ರ 10 ಮೀಟರ್ ತ್ರಿಜ್ಯದ ಸುತ್ತು ಹಾಕುತ್ತಿದೆ. ಪೈಥಾಗೊರಸ್‌ನ 6, 8, 10ರ ತ್ರಿಕೋನ ನೆನಪಿದೆ ಅಲ್ವಾ? ಹಿಂದಿನ ಚಕ್ರ ಹಾಕುವ ಸುತ್ತಿನ ತ್ರಿಜ್ಯ 8 ಮೀಟರ್. ಅಂದರೆ ಪೂರ್ತಿ ಸುತ್ತು ಹಾಕುತ್ತಿದ್ದರೆ ಹಿಂದಿನ ಚಕ್ರ 2 ಮೀಟರ್ ಒಳಗೆ ಬಂದಿರುತ್ತದೆ. ಸರ್ಕಲ್‌ನಲ್ಲಿ ಲಾರಿ ಕಾಲು ಸುತ್ತು ಮಾತ್ರ ತಿರುಗುವುದರಿಂದ ಲೆಕ್ಕ ಸ್ವಲ್ಪ ಕಡಿಮೆಯಾಗುತ್ತದೆ. ಹಾಗಿದ್ದರೂ ಲಾರಿಗೂ ಚರಂಡಿ ಚಪ್ಪಡಿಗೂ ನಡುವೆ ಒಂದು ಸೈಕಲ್‌ಗೆ ಇದ್ದ ಜಾಗ ಪೂರ್ತಿ ಮುಚ್ಚಿಹೋಗಲು ಅಷ್ಟು ಸಾಕು. ಟ್ರೇಲರ್ ಆದರೆ ಇನ್ನೂ ಜಾಸ್ತಿ.

ಇದರ ಮೇಲೆ ಇನ್ನೊಂದು ತೊಡಕಿದೆ. ಹಿಂದಿನ ಚಕ್ರ ಫುಟ್‌ಪಾತ್ ಹತ್ತಬಾರದು ಅಂತ ಡ್ರೈವರ್ ಎಡಕ್ಕೆ ತಿರುಗುವ ಮೊದಲು ಗಾಡಿಯನ್ನು ಒಂದಿಷ್ಟು ಬಲಕ್ಕೆ ಎಳೆಯುತ್ತಾರೆ. ಅದು ಅವರ ತಪ್ಪಲ್ಲ, ಉದ್ದದ ಗಾಡಿ ತಿರುಗಬೇಕಾದದ್ದೇ ಹಾಗೆ. ಹಿಂದೆ ಬರುತ್ತಿರುವ ಸೈಕಲ್ ಸವಾರರಿಗೆ ಕಾಣುವುದೇ ಬೇರೆ: ಲಾರಿ ಬಲಕ್ಕೆ ಹೋಗುತ್ತಿದೆ, ಎಡಗಡೆ ಜಾಗ ತೆರೆದುಕೊಂಡಿದೆ. ದಾರಿ ಬಿಟ್ಟರು ಅಂತ ಪೆಡಲ್ ಜೋರಾಗಿ ತುಳಿದು ಒಳಗೆ ನುಗ್ಗುತ್ತಾರೆ. ಅಷ್ಟರಲ್ಲಿ ಅದೇ ಜಾಗ ಮುಚ್ಚಿಕೊಳ್ಳಲು ಶುರುವಾಗುತ್ತದೆ. ಲಾರಿಯ ನಡುಭಾಗಕ್ಕೆ ಬಂದವರಿಗೆ ಹಿಂದಿನ ಇಂಡಿಕೇಟರ್ ಕಾಣುವುದಿಲ್ಲ, ಅದನ್ನು ಅವರು ಆಗಲೇ ದಾಟಿ ಬಂದಿರುತ್ತಾರೆ. ಮುಂದಿನ ಇಂಡಿಕೇಟರ್ ಇನ್ನೂ ಮುಂದಿದೆ, ಅದರ ಮೇಲೆ ಧೂಳು ಬೇರೆ.

ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಲಾರಿಯ ಹೊಟ್ಟೆ ನೆಲದಿಂದ ಎತ್ತರದಲ್ಲಿರುತ್ತದೆ. ಬಸ್‌ಗೆ ಪಕ್ಕದಲ್ಲಿ ತಗಡಿನ ಗೋಡೆ ಇದೆ, ತಾಗಿದವರು ಹೊರಗೆ ಬೀಳುವ ಸಾಧ್ಯತೆಯಾದರೂ ಇದೆ. ಲಾರಿಗೆ ಅಲ್ಲಿ ಖಾಲಿ ಜಾಗ. ಹ್ಯಾಂಡಲ್ ತಗುಲಿ ತೂಗಾಡಿದವರು ಆ ಖಾಲಿಗೇ ಬೀಳುತ್ತಾರೆ. ಮುಂದಿನ ಕ್ಷಣ ಬರುವುದು ಹಿಂದಿನ ಜೋಡಿ ಚಕ್ರ. ಇದನ್ನು ತಡೆಯಲೆಂದೇ ಪಕ್ಕದ ರಕ್ಷಣಾ ಕಂಬಿ ಇರುವುದು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅದರ ಮಾತಿದೆ. ಒಂದು ಅರ್ಧ ಗಂಟೆ ರಿಂಗ್ ರಸ್ತೆಯಲ್ಲಿ ನಿಂತು ನೋಡಿ. ಕಂಬಿಯೇ ಇಲ್ಲದ, ಇದ್ದರೂ ಬಗ್ಗಿ ಜೋತು ಬಿದ್ದ, ಒಬ್ಬ ಮಗು ಸಲೀಸಾಗಿ ಒಳಗೆ ಜಾರುವಷ್ಟು ಎತ್ತರಕ್ಕೆ ಕಟ್ಟಿದ ಗಾಡಿಗಳು ಕಾಣುತ್ತವೆ. ನನಗೆ ತುಂಬ ಸಿಟ್ಟು ಬರುವುದು ಇಲ್ಲೇ. ಎಂಟು ವರ್ಷ ಆಗುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಲಾರಿಗೆ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಬೇಕು. ಕಂಬಿ ಸರಿಯಾಗಿದೆಯಾ ಅಂತ ನೋಡಲು ಯಾವ ಯಂತ್ರವೂ ಬೇಡ, ಕಣ್ಣು ಸಾಕು.

ಡ್ರೈವರ್‌ಗೆ ನೀವು ಕಾಣುವುದಿಲ್ಲ

ನಮ್ಮಲ್ಲಿ ಡ್ರೈವರ್ ಕೂರುವುದು ಬಲಗಡೆ, ಎತ್ತರದಲ್ಲಿ. ಸೈಕಲ್ ಇರುವುದು ಎಡಗಡೆ, ಕೆಳಗೆ. ಇಲ್ಲೂ ಒಂದು ಸಣ್ಣ ಲೆಕ್ಕ ಹಾಕೋಣ. ಡ್ರೈವರ್ ಕಣ್ಣು ನೆಲದಿಂದ 2.4 ಮೀಟರ್ ಎತ್ತರದಲ್ಲಿದೆ ಅಂತಿಟ್ಟುಕೊಳ್ಳಿ. ಎಡಬಾಗಿಲಿನ ಗಾಜಿನ ಕೆಳ ಅಂಚು 1.9 ಮೀಟರ್ ಎತ್ತರದಲ್ಲಿದೆ, ಕಣ್ಣಿನಿಂದ 2 ಮೀಟರ್ ಆಚೆ. ಹಾಗಾದರೆ ಆ ಅಂಚಿನ ಮೇಲಿಂದ ಹೋಗುವ ನೋಟ ಪ್ರತಿ ಮೀಟರ್‌ಗೆ 25 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಸೈಕಲ್ ಮೇಲೆ ಕೂತ ದೊಡ್ಡವರ ತಲೆ 1.65 ಮೀಟರ್ ಎತ್ತರದಲ್ಲಿದ್ದರೆ, ಲಾರಿಯಿಂದ 1 ಮೀಟರ್ ದೂರ ಹೋಗುವ ತನಕ ಅವರ ತಲೆಯೂ ಕಾಣುವುದಿಲ್ಲ.

ಈಗ ಎಂಟನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಅದೇ ಜಾಗದಲ್ಲಿ ನಿಲ್ಲಿಸಿ. ಸೈಕಲ್ ಮೇಲೆ ಅವಳ ತಲೆ 1.4 ಮೀಟರ್ ಎತ್ತರದಲ್ಲಿದೆ ಅಂದರೆ, ಲಾರಿಯಿಂದ 2 ಮೀಟರ್ ತನಕ ಅವಳು ಇಲ್ಲವೇ ಇಲ್ಲ. ದೊಡ್ಡವರು ಮರೆಯಾಗುವ ಜಾಗದ ಎರಡರಷ್ಟು. ಗಾಡಿಯಿಂದ ಗಾಡಿಗೆ ಅಂಕಿಗಳು ಬೇರೆಯಾಗಬಹುದು. ಮಗು ಚಿಕ್ಕದಾದಷ್ಟೂ ಕಾಣದ ಜಾಗ ದೊಡ್ಡದಾಗುತ್ತದೆ ಅನ್ನುವುದು ಮಾತ್ರ ಎಲ್ಲ ಲಾರಿಗೂ ನಿಜ. ಬಂಪರ್ ಮುಂದೆಯೂ ಇಂಥದೇ ಒಂದು ಜಾಗ ಇದೆ. ಸಿಗ್ನಲ್‌ನಲ್ಲಿ ಲಾರಿಯ ಮೂತಿಗೆ ಅಂಟಿಕೊಂಡು ನಿಂತವರು ಡ್ರೈವರ್ ಕಣ್ಣಿಗೆ ಬೀಳುವುದಿಲ್ಲ. ಹಿಂದೆಯೂ ಅಷ್ಟೇ.

ಕನ್ನಡಿ ಇದೆಯಲ್ಲ ಅಂತ ಕೇಳಬಹುದು. ಇದೆ. ಆದರೆ ತಿರುಗುವ ಹೊತ್ತಿನಲ್ಲಿ ಡ್ರೈವರ್ ಎದುರು ಬರುವ ಬಸ್ಸು, ಬಲಗಡೆ ನುಗ್ಗುವ ಆಟೊ, ದಾಟುತ್ತಿರುವ ಜನ, ಎಡಗನ್ನಡಿ ಎಲ್ಲವನ್ನೂ ಒಂದೊಂದಾಗಿ ನೋಡಬೇಕು. ಎಡಗನ್ನಡಿ ನೋಡಿ ಕಣ್ಣು ತಿರುಗಿಸಿದ ಮೇಲೆ ಸೈಕಲ್ ಒಳಗೆ ಬಂದಿರಬಹುದು. ಕ್ಯಾಬಿನ್ ಎಡಕ್ಕೆ ವಾಲುವಾಗ ಕನ್ನಡಿಯೂ ಅದರ ಜೊತೆ ತಿರುಗಿ ಬೇರೇನನ್ನೋ ತೋರಿಸುತ್ತದೆ. ಲಂಡನ್ ಸಾರಿಗೆ ಸಂಸ್ಥೆಗಾಗಿ ಲೀಡ್ಸ್ ವಿಶ್ವವಿದ್ಯಾಲಯದವರು ನಡೆಸಿದ ಪರೀಕ್ಷೆಯಲ್ಲಿ ಇನ್ನೊಂದು ಗೊತ್ತಾಯಿತು. ಗಾಜಿನಲ್ಲಿ ನೇರವಾಗಿ ಕಂಡವರಿಗೆ ಬ್ರೇಕ್ ಹಾಕುವುದಕ್ಕಿಂತ ಕನ್ನಡಿಯಲ್ಲಿ ಕಂಡವರಿಗೆ ಬ್ರೇಕ್ ಹಾಕಲು ಡ್ರೈವರ್‌ಗೆ ಸುಮಾರು 0.7 ಸೆಕೆಂಡ್ ಜಾಸ್ತಿ ಬೇಕು. ಗಂಟೆಗೆ 24 ಕಿಲೋಮೀಟರ್ ವೇಗದಲ್ಲಿ ಅಷ್ಟರೊಳಗೆ ಲಾರಿ 4.7 ಮೀಟರ್ ಮುಂದೆ ಹೋಗಿರುತ್ತದೆ. ಏರ್ ಬ್ರೇಕ್ ಹಿಡಿಯಲು ಸುಮಾರು ಅರ್ಧ ಸೆಕೆಂಡ್ ಬೇಕು, ಅದನ್ನೂ ಸೇರಿಸಿಕೊಳ್ಳಿ.

ಹಿಂದೆ ಇದಕ್ಕೊಂದು ಉಪಾಯ ಇತ್ತು. ಎಡಗಡೆ ಕೂತ ಕ್ಲೀನರ್. ತಲೆ ಹೊರಗೆ ಹಾಕಿ, ಬಾಗಿಲು ತಟ್ಟಿ, "ಹೋಲ್ಡಾನ್" ಅಂತ ಕೂಗುವ ಹುಡುಗ ಲಾರಿಯ ಎಡಗಣ್ಣಾಗಿದ್ದ. ಈಗ ಎಷ್ಟೋ ಲಾರಿ, ಟಿಪ್ಪರ್‌ಗಳಲ್ಲಿ ಆ ಸೀಟು ಖಾಲಿ. ಸಂಬಳ ಉಳಿಯಿತು, ಒಂದು ಕಣ್ಣು ಹೋಯಿತು. ಇನ್ನೊಂದು ಬದಲಾವಣೆಯೂ ಬಂದಿದೆ. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಬೇಸಿಗೆಯಲ್ಲಿ ಬೇಯುತ್ತಿದ್ದ ಡ್ರೈವರ್‌ಗಳಿಗೆ ಇದು ನಿಜಕ್ಕೂ ಒಳ್ಳೆಯದು. ದಣಿವು ಕಡಿಮೆಯಾದರೆ ಎಲ್ಲರಿಗೂ ಲಾಭ. ಆದರೆ ಗಾಜು ಏರಿಸಿದ ಕ್ಯಾಬಿನ್‌ಗೆ ಸೈಕಲ್ ಬೆಲ್ ಕೇಳುವುದಿಲ್ಲ. ಬೆಲ್ ಹೊಡೆದೆ, ಅವರಿಗೆ ಗೊತ್ತಾಗಿರುತ್ತೆ ಅಂತ ಇನ್ನು ಮೇಲೆ ಯಾರೂ ಅಂದುಕೊಳ್ಳಬಾರದು.

ಕೊನೆಗೆ ತೂಕ. 2018ರಲ್ಲಿ ಕೇಂದ್ರ ಸರಕಾರ ಲಾರಿಗಳ ಭಾರದ ಮಿತಿ ಏರಿಸಿತು. ಹತ್ತು ಚಕ್ರದ ಲಾರಿ ಲೋಡು ಸೇರಿ ಮೊದಲು 25 ಟನ್ ಇರಬಹುದಿತ್ತು, ಈಗ 28.5 ಟನ್. ಸೈಕಲ್, ಸವಾರ ಇಬ್ಬರೂ ಸೇರಿ 80 ಕೆಜಿ ಅಂದರೆ ಲಾರಿ ಸುಮಾರು 350 ಪಟ್ಟು ಭಾರ. ಅದಕ್ಕೇ ಎಷ್ಟೋ ಸಲ ಡ್ರೈವರ್‌ಗೆ ತಾಗಿದ್ದೇ ತಿಳಿಯುವುದಿಲ್ಲ. ರಸ್ತೆಯ ಗುಂಡಿಗೆ ಇಳಿದಾಗ ಆಗುವ ಕುಲುಕಾಟವೂ ಆಗಿರುವುದಿಲ್ಲ. "ಹತ್ತಿಸಿಕೊಂಡು ಹೊರಟೇ ಹೋದ" ಅಂತ ಜನ ಹೊಡೆಯಲು ಓಡುತ್ತಾರೆ, ಡ್ರೈವರ್ ಹೆದರಿ ಇಳಿದು ಓಡುತ್ತಾರೆ, ಬಿದ್ದವರನ್ನು ಆಸ್ಪತ್ರೆಗೆ ಒಯ್ಯಲು ಯಾರೂ ಉಳಿಯುವುದಿಲ್ಲ. ಗಾಯಗೊಂಡವರನ್ನು ಒಯ್ದವರಿಗೆ ಕೇಸಿನ ಕಾಟ ಇರಬಾರದು ಅಂತ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. ಈ ಮಾತು ಪ್ರತಿ ಸರ್ಕಲ್‌ನ ಟೀ ಅಂಗಡಿಯವರಿಗೂ ಗೊತ್ತಿರಬೇಕು.

ನಮ್ಮೂರಿನ ಗಾಡಿ, ನಮ್ಮೂರಿನ ಸೈಕಲ್

ತುಮಕೂರಿನಲ್ಲಿ ಲಾರಿಗೂ ಸೈಕಲ್‌ಗೂ ಹೊರಡುವ ಹೊತ್ತು ಒಂದೇ. ಬೆಳಕು ಹರಿಯುವ ಮುಂಚೆ ಪೇಪರ್ ಹಾಕುವ ಹುಡುಗರು, ಹಾಲಿನವರು. ಆಮೇಲೆ ಹಿರೇಹಳ್ಳಿ, ಅಂತರಸನಹಳ್ಳಿ, ಸತ್ಯಮಂಗಲದ ಕೈಗಾರಿಕಾ ಪ್ರದೇಶಗಳಿಗೆ ಶಿಫ್ಟ್‌ಗೆ ಹೋಗುವವರು. ಆಮೇಲೆ ಶಾಲೆ ಮಕ್ಕಳು. ಅದೇ ಹೊತ್ತಿಗೆ ಎಪಿಎಂಸಿ ಯಾರ್ಡ್‌ಗೆ ಬರುವ ಲೋಡು, ಅಕ್ಕಿ ಗಿರಣಿಗಳ ಲೋಡು, ತಿಪಟೂರು ಕಡೆಯ ಕೊಬ್ಬರಿ, ವಸಂತನರಸಾಪುರದ ಕಾರ್ಖಾನೆಗಳ ಸರಕು. ಇದರ ಜೊತೆ ಎಲ್ಲೆಲ್ಲೂ ಮನೆ ಕಟ್ಟುತ್ತಿರುವುದರಿಂದ ಜಲ್ಲಿ, ಎಂ ಸ್ಯಾಂಡ್ ಟಿಪ್ಪರ್‌ಗಳು. ಟಿಪ್ಪರ್ ಹೈವೇಯಲ್ಲಿ ನಿಲ್ಲುವ ಗಾಡಿಯಲ್ಲ. ಮನೆ ಕಟ್ಟುವ ಅಡ್ಡರಸ್ತೆಗೇ ಬರಬೇಕು, ಅಂದರೆ ಊರಿನ ಪ್ರತಿ ಎಡ ತಿರುವಿನಲ್ಲೂ ಅದು ತಿರುಗುತ್ತದೆ. ಎಷ್ಟೋ ಟಿಪ್ಪರ್ ಡ್ರೈವರ್‌ಗಳಿಗೆ ದುಡ್ಡು ಸಿಗುವುದು ಟ್ರಿಪ್ ಲೆಕ್ಕದಲ್ಲಿ. ನಿಧಾನಕ್ಕೆ ಹೋಗು ಅಂತ ಬೋರ್ಡ್ ಹಾಕಿ, ಬೇಗ ಬಂದವನಿಗೆ ಜಾಸ್ತಿ ಕೂಲಿ ಕೊಟ್ಟರೆ ಯಾವುದು ಗೆಲ್ಲುತ್ತದೆ?

2006-07ರಲ್ಲಿ ರಾಜ್ಯ ಸರಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲ್ ಮುಗಿಸಲು ಆ ಸೈಕಲ್ ದಾರಿ ಮಾಡಿತು. ನಾನು ಅದನ್ನು ಬಹಳ ದೊಡ್ಡ ಕೆಲಸ ಅಂತಲೇ ನೋಡುತ್ತೇನೆ. ಆದರೆ ಸೈಕಲ್ ಕೊಟ್ಟಷ್ಟು ಮನಸ್ಸಿಟ್ಟು ರಸ್ತೆಯಲ್ಲಿ ಅದಕ್ಕೊಂದು ಜಾಗ ಯಾರೂ ಕೊಡಲಿಲ್ಲ. ಬಿ.ಎಚ್. ರಸ್ತೆಯ ಅಂಚಿನಲ್ಲಿ ಹೋಗಿ ನೋಡಿ. ಸೈಕಲ್ ಹೋಗಬೇಕಾದ ಎರಡು ಅಡಿಯಲ್ಲಿ ನಿಂತ ಕಾರು, ಮರಳಿನ ಗುಡ್ಡೆ, ಎದ್ದ ಚಪ್ಪಡಿ. ಪ್ರತಿ ಅಡ್ಡಿಗೂ ಸೈಕಲ್ ಬಲಕ್ಕೆ ಸರಿಯಬೇಕು, ಸರಿದಾಗಲೆಲ್ಲ ಹಿಂದಿನ ಗಾಡಿಯ ಕೈಗೆ ಜೀವ.

ರಾತ್ರಿ ಹಿಂದಿನ ದೀಪ ಇಲ್ಲದೆ ರಸ್ತೆ ಬದಿ ನಿಲ್ಲಿಸಿದ ಲಾರಿಗಳೂ ಕೊಲ್ಲುತ್ತವೆ. ಹೈವೇಯಲ್ಲಿ ಹೋಗುವವರಿಗೆ ಗಾಳಿಯ ಹೊಡೆತವೂ ಇದೆ: ವೇಗದ ಲಾರಿ ಹತ್ತಿರದಿಂದ ದಾಟುವಾಗ ಅದರ ಮುಂದಿನ ಗಾಳಿ ಮೊದಲು ನಿಮ್ಮನ್ನು ಹೊರಗೆ ತಳ್ಳುತ್ತದೆ, ಆಮೇಲೆ ಪಕ್ಕದ ಗಾಳಿ ಒಳಗೆ ಎಳೆಯುತ್ತದೆ. ತಳ್ಳಿದ್ದಕ್ಕೆ ಬಲಕ್ಕೆ ವಾಲಿದವರು ಎಳೆದಾಗ ಲಾರಿ ಕಡೆಗೇ ಹೋಗುತ್ತಾರೆ. ಹ್ಯಾಂಡಲ್ ಎರಡೂ ಕೈಯಲ್ಲಿ ಹಿಡಿದು, ನೇರವಾಗಿ, ಅದು ದಾಟುವ ತನಕ ಸುಮ್ನೆ ಹೋಗುವುದೇ ಒಳ್ಳೆಯದು.

ಊರೊಳಗೆ ಸೈಕಲ್ ಓಡಿಸುವವರಿಗೆ ಹೇಳಬೇಕಾದ್ದು ಮುಖ್ಯವಾಗಿ ಒಂದೇ. ಸಿಗ್ನಲ್‌ನಲ್ಲಾಗಲಿ, ಜಾಮ್‌ನಲ್ಲಾಗಲಿ, ಲಾರಿಯ ಎಡಗಡೆಯಿಂದ ಮುಂದೆ ನುಗ್ಗಬೇಡಿ. ಲಾರಿ ನಿಂತಿದ್ದರೂ ಬೇಡ, ಎಷ್ಟೇ ಜಾಗ ಕಂಡರೂ ಬೇಡ. ಹಿಂದೆಯೇ ನಿಲ್ಲಿ, ಲಾರಿಯ ಕನ್ನಡಿಯಲ್ಲಿ ಡ್ರೈವರ್ ಮುಖ ಕಾಣುವ ಹಾಗೆ. ನಿಮಗೆ ಅವರ ಮುಖ ಕಂಡರೆ ಮಾತ್ರ ಅವರಿಗೆ ನೀವು ಕಾಣಬಹುದು. ನೀವು ಮುಂದಿದ್ದು, ಲಾರಿಯೇ ಬಂದು ಪಕ್ಕಕ್ಕೆ ನಿಂತರೆ ತಿರುವು ಬರುವ ಮೊದಲೇ ಬ್ರೇಕ್ ಹಿಡಿದು ಅದನ್ನು ಹೋಗಲು ಬಿಡಿ. ಒಳಗೆ ಸಿಕ್ಕಿಹಾಕಿಕೊಂಡೆವು ಅನ್ನಿಸಿದ ಕೂಡಲೇ ಸೈಕಲ್ ಆಸೆ ಬಿಟ್ಟು ಫುಟ್‌ಪಾತ್‌ಗೆ ಹಾರಿ. ಮಕ್ಕಳಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು. ಸೈಕಲ್ ಹಾಳಾದರೆ ಬೈತಾರೆ ಅನ್ನುವ ಹೆದರಿಕೆಯಲ್ಲಿ ಹ್ಯಾಂಡಲ್ ಬಿಡದ ಮಕ್ಕಳಿದ್ದಾರೆ.

ಆದರೆ ಹದಿಮೂರು ವರ್ಷದ ಹುಡುಗಿಯ ಜಾಗರೂಕತೆಯ ಮೇಲೇ ಎಲ್ಲ ಭಾರ ಹಾಕುವುದು ಅನ್ಯಾಯ. ಬೇರೆ ಊರುಗಳು ಹಾಗೆ ಮಾಡಲಿಲ್ಲ. ಲಂಡನ್ ನಮಗೆ ಸರಿಯಾದ ಉದಾಹರಣೆ, ಅಲ್ಲೂ ವಾಹನಗಳು ರಸ್ತೆಯ ಎಡಗಡೆಯೇ ಹೋಗುತ್ತವೆ. 2015ರಿಂದ 2017ರ ನಡುವೆ ಅಲ್ಲಿ ಸೈಕಲ್ ಸವಾರರು ಸತ್ತ ಅಪಘಾತಗಳಲ್ಲಿ ಶೇ 63ರಲ್ಲಿ ದೊಡ್ಡ ಲಾರಿಗಳಿದ್ದವು. ಊರಿನಲ್ಲಿ ಓಡಿದ ಒಟ್ಟು ವಾಹನ ದೂರದಲ್ಲಿ ಲಾರಿಗಳ ಪಾಲು ಶೇ 4 ಮಾತ್ರ. ಅಲ್ಲಿಯವರು ಬದಲಿಸಲು ಹೊರಟದ್ದು ಲಾರಿಯನ್ನು. 2015ರ ಸೆಪ್ಟೆಂಬರ್‌ನಿಂದ 3.5 ಟನ್ ಮೇಲಿನ ಗಾಡಿಗಳಿಗೆ ಪಕ್ಕದ ಕಂಬಿ, ಹೆಚ್ಚಿನ ಕನ್ನಡಿ ಕಡ್ಡಾಯವಾಯಿತು. ಕಟ್ಟಡ ಸಾಮಗ್ರಿಯ ಲಾರಿಗಳಿಗೆ ಇದ್ದ ವಿನಾಯಿತಿಯೂ ಹೋಯಿತು. 2021ರ ಮಾರ್ಚ್‌ನಿಂದ 12 ಟನ್ ಮೇಲಿನ ಲಾರಿಗೆ, ಡ್ರೈವರ್ ಸೀಟಿನಿಂದ ನೇರವಾಗಿ ಎಷ್ಟು ಕಾಣುತ್ತದೆ ಅನ್ನುವುದರ ಮೇಲೆ ಸೊನ್ನೆಯಿಂದ ಐದು ಸ್ಟಾರ್ ಕೊಟ್ಟು ಪರ್ಮಿಟ್ ನೀಡುತ್ತಾರೆ. 2024ರ ಅಕ್ಟೋಬರ್‌ನಿಂದ ಮೂರು ಸ್ಟಾರ್ ಇರಬೇಕು, ಇಲ್ಲವೇ ಪಕ್ಕದಲ್ಲಿ ಮನುಷ್ಯರಿದ್ದರೆ ಎಚ್ಚರಿಸುವ ಸೆನ್ಸರ್, ಕ್ಯಾಮೆರಾ ಇರಬೇಕು.

ಜರ್ಮನಿಯದು ಇನ್ನೂ ಸರಳ. 2020ರಿಂದ ಅಲ್ಲಿ 3.5 ಟನ್ ಮೇಲಿನ ಗಾಡಿ ಊರೊಳಗೆ, ಸೈಕಲ್ ಅಥವಾ ಪಾದಚಾರಿಗಳು ಬರಬಹುದಾದ ಕಡೆ ಬಲಕ್ಕೆ ತಿರುಗುವಾಗ ನಡಿಗೆಯ ವೇಗದಲ್ಲೇ ತಿರುಗಬೇಕು. ಅವರು ರಸ್ತೆಯ ಬಲಗಡೆ ಹೋಗುವವರು, ಹಾಗಾಗಿ ಅಲ್ಲಿ ಅಪಾಯ ಬಲ ತಿರುವಿನಲ್ಲಿ. ಇದಕ್ಕೆ ಯಾವ ಸಲಕರಣೆಯೂ ಬೇಡ.

ತುಮಕೂರು 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಊರು. ಲಂಡನ್‌ನ ಸೆನ್ಸರ್ ಇಲ್ಲಿಗೆ ನಾಳೆಯೇ ಬರುವುದಿಲ್ಲ, ಸರಿ. ಆದರೆ ಈಗಿರುವ ಕಾನೂನಿನಲ್ಲೇ ಮಾಡಬಹುದಾದದ್ದು ಬಹಳ ಇದೆ. ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಯಾವ ರಸ್ತೆಯಲ್ಲಿ, ಯಾವ ಹೊತ್ತಿನಲ್ಲಿ ಭಾರಿ ವಾಹನ ಬರಬಾರದು ಅಂತ ಆದೇಶ ಮಾಡಬಹುದು. ಶಾಲೆ ಶುರುವಾಗುವ ಒಂದೂವರೆ ಗಂಟೆ, ಬಿಡುವ ಒಂದೂವರೆ ಗಂಟೆ ಟಿಪ್ಪರ್‌ಗಳು ಊರ ಹೊರಗೆ ನಿಂತರೆ ಯಾವ ಮನೆಯ ಕಟ್ಟಡವೂ ನಿಂತುಹೋಗುವುದಿಲ್ಲ. ಓವರ್‌ಲೋಡ್‌ಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂಪಾಯಿ ದಂಡ 2019ರ ತಿದ್ದುಪಡಿಯಲ್ಲೇ ಇದೆ. ಸರ್ಕಲ್‌ಗಳ ಎಡ ಮೂಲೆಯನ್ನು ದೊಡ್ಡ ಗಾಡಿಗಳು ಸಲೀಸಾಗಿ ತಿರುಗಲಿ ಅಂತ ಅಗಲ ಮಾಡುವ ಬದಲು, ಅಲ್ಲಿ ಸೈಕಲ್ ನಿಲ್ಲಲು ಒಂದು ಎತ್ತರದ ಕಟ್ಟೆ ಬಿಟ್ಟರೆ ಹಿಂದಿನ ಚಕ್ರ ಅದರ ಆಚೆಯಿಂದಲೇ ಹೋಗಬೇಕಾಗುತ್ತದೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ಇದೆ. ಈ ಬೇಡಿಕೆಗಳನ್ನು ಬರೆದು ಕೊಡಬೇಕಾದದ್ದು ಅಲ್ಲಿಗೆ. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಹೆಸರಿನಲ್ಲಿ ಹೋದ ಅರ್ಜಿಗೆ ಒಬ್ಬರ ಅರ್ಜಿಗಿಂತ ಜಾಸ್ತಿ ತೂಕ.

ಇನ್ನೊಂದು ಕೆಲಸಕ್ಕೆ ಯಾರ ಆದೇಶವೂ ಬೇಡ. ನೆದರ್‌ಲ್ಯಾಂಡ್ಸ್‌ನಲ್ಲಿ ಶಾಲೆಗೇ ಲಾರಿ ತಂದು ನಿಲ್ಲಿಸಿ, ಡ್ರೈವರ್‌ಗೆ ಕಾಣದ ಜಾಗ ಎಲ್ಲಿದೆ ಅಂತ ಮಕ್ಕಳಿಗೆ ತೋರಿಸುತ್ತಾರೆ. ಲಂಡನ್ ಪೊಲೀಸರು ಸೈಕಲ್ ಸವಾರರನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿ ತೋರಿಸುತ್ತಿದ್ದರು. ನಮ್ಮ ಲಾರಿ ಮಾಲೀಕರು, ಡ್ರೈವರ್‌ಗಳು ಇದೇ ಊರಿನವರು, ಅವರ ಮಕ್ಕಳೂ ಇವೇ ಶಾಲೆಗಳಲ್ಲಿ ಓದುತ್ತಾರೆ. ಒಂದು ಶನಿವಾರ ಬೆಳಗ್ಗೆ ಶಾಲೆ ಮೈದಾನಕ್ಕೆ ಒಂದು ಖಾಲಿ ಲಾರಿ ತರಲಿ. ಎಂಟನೇ ಕ್ಲಾಸಿನ ಮಕ್ಕಳು ಒಬ್ಬೊಬ್ಬರಾಗಿ ಡ್ರೈವರ್ ಸೀಟು ಹತ್ತಲಿ, ಉಳಿದವರು ಸೈಕಲ್ ಹಿಡಿದು ಎಡಗಡೆ ನಿಲ್ಲಲಿ. ಯಾರು ಕಾಣುತ್ತಾರೆ, ಯಾರು ಕಾಣುವುದಿಲ್ಲ ಅಂತ ಮೇಲಿದ್ದವರು ಹೇಳಲಿ. ಕಾಣದ ಜಾಗದ ಸುತ್ತ ಸುಣ್ಣದ ಗೆರೆ ಎಳೆಯಿರಿ. ಆಮೇಲೆ ಲಾರಿಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ, ಮಕ್ಕಳೆಲ್ಲ ದೂರದಿಂದ ಹಿಂದಿನ ಚಕ್ರದ ಜಾಡು ನೋಡಲಿ. ಅದೇ ಹೊತ್ತಿನಲ್ಲಿ ಪಕ್ಕದ ಕಂಬಿ ಸರಿಯಾಗಿದೆಯಾ ಅಂತ ಮಾಲೀಕರೂ ಒಮ್ಮೆ ಬಗ್ಗಿ ನೋಡಲಿ. ಖರ್ಚು ಅಂದರೆ ಒಂದಿಷ್ಟು ಡೀಸೆಲ್, ಒಬ್ಬ ಡ್ರೈವರ್‌ನ ಅರ್ಧ ದಿನದ ಸಂಬಳ.